ಒಂದು ರಾತ್ರಿಯ ರೂಮ್ ಬಾಡಿಗೆಯಲ್ಲಿ ನಮ್ಮ ಕಾಲೋನಿಯ ಪಾಲೆಷ್ಟು?



ಸ್ವಲ್ಪ ಉದ್ದದ ಬರಹ. ಕೂತು ಓದಿ. ಮಧ್ಯದಲ್ಲಿ ಲೆಕ್ಕ ಬರುತ್ತೆ, ಬಿಟ್ಟು ಹೋಗಬೇಡಿ. ನಮ್ಮವರಿಗೆ ಮೋಸ ಆಗೋದು ಯಾವಾಗಲೂ ಲೆಕ್ಕದ ಜಾಗದಲ್ಲೇ.

ಮೂರು ದಿನ ರಜೆ ಸಾಲಾಗಿ ಬಂದಿತ್ತು. ಸೋಮವಾರ ಬೆಳಿಗ್ಗೆ ಊರಲ್ಲಿದ್ದೆ. ನಮ್ಮ ದೊಡ್ಡಮ್ಮನ ಮಗಳು ಪಂಚಾಯ್ತಿ ಕಸದ ಗಾಡಿಯಲ್ಲಿ ಕೆಲಸ ಮಾಡ್ತಾಳೆ. ಸಂಘದ ಹೆಣ್ಣುಮಕ್ಕಳಿಗೆ ಪಂಚಾಯ್ತಿಯವರು ಕೊಟ್ಟಿರೋ ಕೆಲಸ. ಅವತ್ತು ಗಾಡಿ ಮೂರು ಸಲ ತುಂಬಿತು. ಬಿಯರ್ ಬಾಟ್ಲಿ, ಬಿರಿಯಾನಿ ಪೊಟ್ಟಣ, ಮಕ್ಕಳ ಡೈಪರ್, ಹೆಂಗಸರ ಪ್ಯಾಡ್, ಒಡೆದ ಗಾಜು, ಎಲ್ಲ ಒಂದೇ ಕವರ್‌ನಲ್ಲಿ. ಹಸಿ ಕಸ ಬೇರೆ, ಒಣ ಕಸ ಬೇರೆ ಅಂತ ಪಂಚಾಯ್ತಿ ಗೋಡೆ ಮೇಲೆ ಬರೆದಿದೆ. ಬರೆದದ್ದು ನಮಗೆ, ಬಂದುಹೋಗುವವರಿಗಲ್ಲ. ಅಕ್ಕನ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಗಾಜು ತಗಲಿದ್ದು.

ಟೀ ಕುಡಿಯುತ್ತಾ ಕೇಳಿದಳು. "ಅಲ್ಲ ಕಣಪ್ಪ, ನೀನು ಆಫೀಸಲ್ಲಿರೋನು, ಓದಿರೋನು. ಒಂದ್ ರೂಮಿಗೆ ಒಂದ್ ರಾತ್ರಿಗೆ ನಾಲ್ಕ್ ಸಾವಿರ ತಗತಾರಂತೆ. ಅದ್ರಲ್ಲಿ ಪಂಚಾಯ್ತಿಗೆ ಎಷ್ಟ್ ಬರುತ್ತೆ?"

ಇಪ್ಪತ್ತು ವರ್ಷದಿಂದ ಗುಮಾಸ್ತಿಕೆ ಮಾಡ್ತಿದ್ದೀನಿ. ಫೈಲು, ಚಲನ್, ಅನುದಾನ ಇದರಲ್ಲೇ ತಲೆ ನೆರೆತಿದೆ. ಆದರೂ ಆ ಪ್ರಶ್ನೆಗೆ ಉತ್ತರ ನನ್ನ ಹತ್ರ ಇರಲಿಲ್ಲ. "ನೋಡಿ ಹೇಳ್ತೀನಿ ಅಕ್ಕ" ಅಂದೆ. ನೋಡಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ನೇರ ಉತ್ತರ: ಆ ನಾಲ್ಕು ಸಾವಿರದಲ್ಲಿ ಪಂಚಾಯ್ತಿಗೆ ಬರೋದು ಸೊನ್ನೆ.

ಹೇಗೆ ಅಂತ ಬಿಡಿಸಿ ಹೇಳ್ತೀನಿ. ರೂಮಿನ ದಿನದ ಬಾಡಿಗೆ 7,500 ರೂಪಾಯಿವರೆಗೆ ಇದ್ದರೆ ಅದಕ್ಕೆ ಜಿಎಸ್‌ಟಿ ಶೇ 5. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಇದು ಶೇ 12 ಇತ್ತು, ಇಳಿಸಿದರು. 7,500 ದಾಟಿದರೆ ಶೇ 18. ನಾಲ್ಕು ಸಾವಿರದ ರೂಮಿಗೆ ಶೇ 5 ಅಂದರೆ 200 ರೂಪಾಯಿ. ಅದರಲ್ಲಿ 100 ಕೇಂದ್ರಕ್ಕೆ, 100 ರಾಜ್ಯಕ್ಕೆ. ಗುಡ್ಡದ ಬುಡದಲ್ಲಿ ಕಸ ಎತ್ತೋ ಪಂಚಾಯ್ತಿ ಈ ಹಂಚಿಕೆಯಲ್ಲಿ ಎಲ್ಲೂ ಇಲ್ಲ.

ಆ 200 ಕೂಡ ಎಲ್ಲ ಸಲ ಬರಲ್ಲ. ವರ್ಷದ ವಹಿವಾಟು 20 ಲಕ್ಷದ ಒಳಗಿದ್ದರೆ ಸೇವೆ ಕೊಡುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಆನ್‌ಲೈನ್ ಆಪ್‌ನಲ್ಲಿ ಬುಕ್ ಆದರೆ ಆಪ್‌ನವರು ತೆರಿಗೆ ಕಟ್ಟಬೇಕು. ಫೋನಲ್ಲಿ ಮಾತಾಡಿ, ಫೋನ್‌ಪೇಯಲ್ಲಿ ಹಾಕಿಸಿಕೊಂಡರೆ ಅದೂ ಇಲ್ಲ. ನಮ್ಮ ಕಡೆ ಹೆಚ್ಚು ನಡೆಯೋದು ಫೋನಿನ ವ್ಯವಹಾರವೇ.

ಹಾಗಾದರೆ ಪಂಚಾಯ್ತಿಗೆ ಏನೂ ಇಲ್ವಾ? ಇದೆ. ವರ್ಷಕ್ಕೊಂದು ಸಲ ಕಟ್ಟಡದ ಕಂದಾಯ. ಆದರೆ ಹೋಂಸ್ಟೇ ಅಂದರೆ ಹೋಟೆಲ್ ಅಲ್ಲ, ಮನೆ ಅನ್ನೋದು ಸರ್ಕಾರದ ನೀತಿ. ಮಾಲೀಕ ಅಲ್ಲೇ ವಾಸ ಇರಬೇಕು, ರೂಮು ಐದು ಮೀರಬಾರದು, ಬಂದವರಿಗೆ ಮನೆ ಊಟ, ಮನೆ ವಾತಾವರಣ. ಆದ್ದರಿಂದ ಕಂದಾಯವೂ ಮನೆ ಲೆಕ್ಕ, ಕರೆಂಟೂ ಮನೆ ಲೆಕ್ಕ. ಕಾಗದದಲ್ಲಿ ಚೆನ್ನಾಗಿದೆ. ಬೆಂಗಳೂರಲ್ಲಿ ಕೂತು ಮ್ಯಾನೇಜರ್ ಇಟ್ಟು ನಡೆಸುವ ಎಷ್ಟು "ಮನೆ"ಗಳಿವೆ ಅನ್ನೋದು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

ಈಗ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ನಾನು ಪ್ರವಾಸಿಗರ ವಿರೋಧಿ ಅಲ್ಲ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ನಮ್ಮ ರಾಜ್ಯದ ಅತಿ ಎತ್ತರದ ಗುಡ್ಡ. ಯಾರೇ ಹತ್ತಲಿ, ಸಂತೋಷ. ಬಾಬಾಬುಡನ್‌ಗಿರಿ, ದೇವರಮನೆ, ಎತ್ತಿನಭುಜ, ಬಿಸಿಲೆ, ಮಂಜರಾಬಾದ್ ಕೋಟೆ, ಆ ಕಡೆ ಮಡಿಕೇರಿಯ ಅಬ್ಬಿ, ಮಾಂದಲಪಟ್ಟಿ ಎಲ್ಲವೂ ಎಲ್ಲರದ್ದು. ಪಟ್ಟಣದಲ್ಲಿ ದುಡಿದು ಸುಸ್ತಾದ ನಮ್ಮ ಹುಡುಗರೂ ಈಗ ಬೈಕ್ ಹತ್ತಿ ಬರ್ತಾರೆ. ಬರಲಿ. ನಮ್ಮ ಅಪ್ಪಂದಿರಿಗೆ ಗುಡ್ಡ ಅಂದರೆ ಸೌದೆ ಮತ್ತು ಕೂಲಿ. ಮಕ್ಕಳಿಗೆ ಗುಡ್ಡ ಅಂದರೆ ಗಾಳಿ ಮತ್ತು ಫೋಟೋ ಆಗಿದ್ದರೆ ಅದು ಒಳ್ಳೆಯದೇ.

ನನ್ನ ಪ್ರಶ್ನೆ ಅದಲ್ಲ. ಬಂದವರು ನೀರು ಕುಡೀತಾರೆ, ಸ್ನಾನ ಮಾಡ್ತಾರೆ, ಕಕ್ಕಸಿಗೆ ಹೋಗ್ತಾರೆ, ಕಸ ಬಿಡ್ತಾರೆ, ರಸ್ತೆ ತುಳೀತಾರೆ. ಈ ಐದೂ ಪಂಚಾಯ್ತಿ ಕೆಲಸ. ಈ ಐದರಲ್ಲಿ ಮೂರನ್ನಾದರೂ ಕೈಯಿಂದ ಮುಟ್ಟಿ ಮಾಡೋದು ನಮ್ಮ ಜನ. ದುಡ್ಡು ಮಾತ್ರ ಒಬ್ಬರ ಜೇಬಿಗೆ, ತೆರಿಗೆ ಮಾತ್ರ ಬೆಂಗಳೂರು ದೆಹಲಿಗೆ. ಇದು ಯಾವ ಊರ ನ್ಯಾಯ?

ನೀರಿನ ವಿಷಯ ನೋಡಿ. ಪಂಚಾಯ್ತಿಗೆ ಹಣಕಾಸು ಆಯೋಗದ ಅನುದಾನ ಬರುತ್ತೆ. 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟಿಹಾಕಿತ್ತು. ಒಳ್ಳೆಯದೇ. ಆದರೆ ಈ ಅನುದಾನ ಹಂಚುವಾಗ ಮುಖ್ಯವಾಗಿ ನೋಡೋದು ಜನಸಂಖ್ಯೆ. ಅದೂ 2011ರ ಜನಗಣತಿಯದ್ದು. ಪ್ರವಾಸಿ ಯಾವ ಜನಗಣತಿಯಲ್ಲೂ ನಮ್ಮ ಊರಿನವನಲ್ಲ. ಮೂರು ಸಾವಿರ ಜನಕ್ಕೆ ಅಂತ ಬಂದ ದುಡ್ಡಲ್ಲಿ ಶನಿವಾರ ಭಾನುವಾರ ಅದಕ್ಕಿಂತ ಎಷ್ಟೋ ಹೆಚ್ಚು ಜನರ ನೀರು, ಕಸ ನೋಡಬೇಕು. ಕೊರತೆ ಬಿದ್ದಾಗ ಯಾವ ಕೇರಿಯ ನಲ್ಲಿ ಮೊದಲು ನಿಲ್ಲುತ್ತೆ? ಹೇಳಬೇಕಾ?

ನಮ್ಮ ನೀರುಗಂಟಿ ಅಣ್ಣನನ್ನ ಕೇಳಿದೆ. ಪಾಪ, ಅವನೂ ನಮ್ಮವನೇ. "ಏನ್ ಮಾಡದು, ಮೇಲಿಂದ ಫೋನ್ ಬರುತ್ತೆ, ಗೆಸ್ಟ್ ಇದಾರೆ ಬಿಡು ಅಂತಾರೆ. ಬಿಡ್ತೀನಿ. ಕಾಲೋನಿಗೆ ಆಮೇಲೆ" ಅಂದ. ಆ ಆಮೇಲೆ ಅನ್ನೋದು ಕೆಲವೊಮ್ಮೆ ಮಂಗಳವಾರ.

ಕಕ್ಕಸಿನ ವಿಷಯ ಇನ್ನೂ ಕೆಟ್ಟದ್ದು. ಐದು ರೂಮಿಗೆ ಐದು ಟಾಯ್ಲೆಟ್, ವಾರಾಂತ್ಯಕ್ಕೆ ಇಪ್ಪತ್ತು ಮೂವತ್ತು ಜನ. ಗುಂಡಿ ಬೇಗ ತುಂಬುತ್ತೆ. ಸಕ್ಕಿಂಗ್ ಮಷಿನ್ ಇರೋದು ಪಟ್ಟಣದಲ್ಲಿ. ಅದು ಘಾಟಿ ಹತ್ತಿ ಬರಬೇಕು, ಬಾಡಿಗೆ ಜಾಸ್ತಿ. ಎರಡು ವರ್ಷದ ಹಿಂದೆ ಒಂದು ಕಡೆಯಿಂದ ನಮ್ಮ ಕಾಲೋನಿಯ ಹುಡುಗನಿಗೆ ರಾತ್ರಿ ಕರೆ ಬಂತು. "ಸ್ವಲ್ಪ ಕೆಲಸ ಇದೆ ಬಾ, ಎರಡು ಸಾವಿರ ಕೊಡ್ತೀವಿ, ಎಣ್ಣೆನೂ ಕೊಡ್ತೀವಿ." ಅವನು ಹೊರಟಿದ್ದ. ಅವನ ಅಮ್ಮ ನನಗೆ ಫೋನ್ ಮಾಡಿದ್ದರಿಂದ ತಡೆದೆವು. ಮಲಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಏನು ಹೇಳುತ್ತೆ, ಕಳಿಸಿದವರಿಗೆ ಏನು ಶಿಕ್ಷೆ ಅಂತ ನಾನೇ ಆ ಮಾಲೀಕರಿಗೆ ಫೋನಲ್ಲಿ ಓದಿ ಹೇಳಿದೆ. "ಅಯ್ಯೋ ತಪ್ಪು ತಿಳ್ಕೋಬೇಡಿ ಸಾರ್, ಪೈಪ್ ನೋಡೋಕೆ ಕರೆದಿದ್ದು" ಅಂದರು. ರಾತ್ರಿ ಹನ್ನೊಂದು ಗಂಟೆಗೆ ಪೈಪು.

ಅವತ್ತು ನಾವು ತಡೆದೆವು. ತಡೆಯೋಕೆ ಫೋನ್ ಬಾರದ ರಾತ್ರಿಗಳು ಎಷ್ಟಿರಬಹುದು, ಯೋಚನೆ ಮಾಡಿ.

ಸರಿ, ಕಾನೂನಿಗೆ ಬರೋಣ.

ಹೋಟೆಲ್, ಲಾಡ್ಜ್‌ಗಳಲ್ಲಿ ಉಳಿಯುವವರ ಮೇಲೆ ನಮ್ಮ ರಾಜ್ಯದಲ್ಲಿ ಮೊದಲು ತೆರಿಗೆ ಇತ್ತು. 1979ರ ಕಾಯ್ದೆ, ಐಷಾರಾಮ ತೆರಿಗೆ, ಎಲ್ಲರೂ ಲಕ್ಸುರಿ ಟ್ಯಾಕ್ಸ್ ಅಂತಿದ್ದರು. ಆಗಲೂ ಅದು ಹೋಗ್ತಿದ್ದದ್ದು ರಾಜ್ಯದ ಖಜಾನೆಗೆ, ಪಂಚಾಯ್ತಿಗಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಅದು ಅದರೊಳಗೆ ಸೇರಿಹೋಯ್ತು. ಜಿಎಸ್‌ಟಿಗಾಗಿ ಮಾಡಿದ 101ನೇ ತಿದ್ದುಪಡಿಯಲ್ಲಿ ರಾಜ್ಯಪಟ್ಟಿಯ 62ನೇ ನಮೂದನ್ನ ಬದಲಾಯಿಸಿದರು. ಐಷಾರಾಮದ ಮೇಲಿನ ತೆರಿಗೆ ಅನ್ನೋದನ್ನ ತೆಗೆದರು. ಮನರಂಜನೆ ಮೇಲಿನ ತೆರಿಗೆಯನ್ನ ಮಾತ್ರ, ಅದೂ ಪಂಚಾಯ್ತಿ, ನಗರಸಭೆಗಳು ಹಾಕಿಕೊಳ್ಳುವ ಮಟ್ಟಿಗೆ ಉಳಿಸಿದರು. ಅಂದರೆ ಊರಲ್ಲಿ ಸರ್ಕಸ್ ಬಂದರೆ ಪಂಚಾಯ್ತಿ ತೆರಿಗೆ ಹಾಕಬಹುದು. ಸಾವಿರ ಜನ ಬಂದು ರಾತ್ರಿ ತಂಗಿದರೆ ಹಾಕುವಂತಿಲ್ಲ.

ಇನ್ನು ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ. ಗ್ರಾಮ ಪಂಚಾಯ್ತಿ ಏನೇನಕ್ಕೆ ತೆರಿಗೆ, ಶುಲ್ಕ ಹಾಕಬಹುದು ಅನ್ನೋ ಪಟ್ಟಿ ಅದರಲ್ಲಿದೆ. ಕಟ್ಟಡ, ನೀರು, ಮನರಂಜನೆ, ಜಾಹೀರಾತು ಫಲಕ, ಸಂತೆ, ಬಸ್ ಸ್ಟ್ಯಾಂಡ್, ದನ ಮೇಯಿಸೋದು. ಹೌದು, ದನ ಮೇಯಿಸೋದಕ್ಕೂ ಶುಲ್ಕ ಇದೆ. ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ಯಾತ್ರಿಕರ ಶುಲ್ಕ. ಜಾತ್ರೆ, ಹಬ್ಬಕ್ಕೆ ಬರುವ ಜನರಿಗೆ ಪಂಚಾಯ್ತಿ ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆ ಮಾಡಿದ್ದರೆ ಅವರಿಂದ ಶುಲ್ಕ ತಗೋಬಹುದು.

ಇದನ್ನ ಎರಡು ಸಲ ಓದಿ ಗೆಳೆಯರೆ. ಹೊರಗಿನಿಂದ ಜನ ಗುಂಪಾಗಿ ಬಂದರೆ ಊರಿಗೆ ಖರ್ಚು ಬೀಳುತ್ತೆ, ಆ ಖರ್ಚನ್ನ ಬಂದವರು ಸ್ವಲ್ಪ ಹೊರಬೇಕು ಅನ್ನೋ ನ್ಯಾಯ ನಮ್ಮ ಕಾನೂನಿನಲ್ಲಿ ಈಗಾಗಲೇ ಇದೆ. ಕಾಯ್ದೆ ಬರೆದ ಕಾಲಕ್ಕೆ ವರ್ಷಕ್ಕೊಂದು ಜಾತ್ರೆ ಇತ್ತು. ಈಗ ಮಲೆನಾಡಿನಲ್ಲಿ ಪ್ರತಿ ಶನಿವಾರ ಜಾತ್ರೆ. ತೇರು ಒಂದಿಲ್ಲ ಅಷ್ಟೇ.

ಹಾಗಾಗಿ ನಾನು ಕೇಳ್ತಿರೋದು ತೆರಿಗೆ ಅಲ್ಲ, ಶುಲ್ಕ. ಎರಡಕ್ಕೂ ವ್ಯತ್ಯಾಸ ಇದೆ. ತೆರಿಗೆ ಖಜಾನೆಗೆ ಹೋಗಿ ಎಲ್ಲಿ ಬೇಕಾದರೂ ಖರ್ಚಾಗಬಹುದು. ಶುಲ್ಕ ಅಂದರೆ ಕೊಟ್ಟ ಸೇವೆಗೆ ತಗೊಳ್ಳೋದು, ಆ ಸೇವೆಗೇ ಖರ್ಚು ಮಾಡಬೇಕು. ನೀರು, ನೈರ್ಮಲ್ಯ, ಸ್ಥಳೀಯ ಸಂಸ್ಥೆ ಎಲ್ಲವೂ ರಾಜ್ಯಪಟ್ಟಿಯಲ್ಲಿವೆ. ಆ ವಿಷಯಗಳಿಗೆ ಶುಲ್ಕ ವಿಧಿಸುವ ಅಧಿಕಾರವೂ ಅದೇ ಪಟ್ಟಿಯ 66ನೇ ನಮೂದಿನಲ್ಲಿದೆ. ಸಂವಿಧಾನದ 243ಎಚ್ ವಿಧಿ ಪಂಚಾಯ್ತಿಗೆ ಇಂಥ ಅಧಿಕಾರ ಕೊಡಿ ಅಂತ ರಾಜ್ಯಕ್ಕೆ ದಾರಿ ಮಾಡಿಕೊಟ್ಟಿದೆ. ವಿಧಾನಸಭೆ ಮನಸ್ಸು ಮಾಡಿದರೆ 199ನೇ ಪ್ರಕರಣಕ್ಕೆ ಒಂದು ಸಾಲು ಸೇರಿಸಬಹುದು. ಒಂದೇ ಸಾಲು.

ಇದು ಹೊಸ ಹುಚ್ಚು ಅಂತ ಯಾರಾದರೂ ಅಂದರೆ ಹೇಳಿ: ಫ್ರಾನ್ಸಿನಲ್ಲಿ ಊರು ಊರಿನ ಆಡಳಿತ ತಂಗುವವರಿಂದ ಹಣ ತಗೊಳ್ಳೋ ಕಾನೂನು ಬಂದದ್ದು 1910ರಲ್ಲಿ. ಬ್ರಿಟನ್ನಿನ ವೇಲ್ಸ್‌ನಲ್ಲಿ 2025ರಲ್ಲಿ ಕಾಯ್ದೆ ಮಾಡಿದರು: ಹಾಕೋದು ಬಿಡೋದು ಆಯಾ ಸ್ಥಳೀಯ ಕೌನ್ಸಿಲ್‌ಗೆ ಬಿಟ್ಟದ್ದು, ತಲೆಗೆ ರಾತ್ರಿಗೆ 1.30 ಪೌಂಡ್, ಟೆಂಟು ಹಾಕುವ ಕಡೆ ಅದಕ್ಕಿಂತ ಕಡಿಮೆ. ದೂರ ಯಾಕೆ, ಪಕ್ಕದ ಭೂತಾನಿಗೆ ಹೋಗುವ ಭಾರತೀಯರು ರಾತ್ರಿಗೆ 1,200 ರೂಪಾಯಿ ಕಟ್ಟಿಯೇ ಹೋಗೋದು. ಕಟ್ಟಿ, ಬಂದು, "ಎಷ್ಟು ಕ್ಲೀನ್ ಆಗಿದೆ ಗೊತ್ತಾ" ಅಂತ ಸ್ಟೇಟಸ್ ಹಾಕ್ತಾರೆ. ಅದೇ ಜನ ನಮ್ಮಲ್ಲಿ ಐವತ್ತು ರೂಪಾಯಿ ಕೇಳಿದರೆ ಬರೋದೇ ಬಿಡ್ತಾರಾ?

ಹೌದು, ನಾನು ಹೇಳ್ತಿರೋದು ಐವತ್ತು ರೂಪಾಯಿ. ತಲೆಗೆ, ಒಂದು ರಾತ್ರಿಗೆ. 7,500 ದಾಟಿದ ರೂಮಾದರೆ ನೂರು. ಮಕ್ಕಳಿಗೆ ಬೇಡ. ಆಸ್ಪತ್ರೆ ಕೆಲಸಕ್ಕೆ, ಕೂಲಿಗೆ, ಪರೀಕ್ಷೆಗೆ ಬಂದು ಸಾಧಾರಣ ಲಾಡ್ಜಲ್ಲಿ ಮಲಗುವವರಿಗೆ ಬೇಡ.

ಲೆಕ್ಕ ಹಾಕೋಣ. ಇದು ನಾನು ಊಹೆಗೆ ಇಟ್ಟುಕೊಂಡ ಲೆಕ್ಕ, ನಿಮ್ಮ ಊರಿನ ಅಂಕಿ ಹಾಕಿ ನೀವೂ ಮಾಡಿ ನೋಡಿ. ಒಂದು ಹೋಂಸ್ಟೇ, ಐದು ರೂಮು, ರೂಮಿಗೆ ಇಬ್ಬರು, ವರ್ಷಕ್ಕೆ ನೂರು ರಾತ್ರಿ ತುಂಬಿತು ಅಂತ ಇಟ್ಟುಕೊಳ್ಳಿ. ಬಾಡಿಗೆ ನಾಲ್ಕು ಸಾವಿರದಂತೆ ಮಾಲೀಕರಿಗೆ 20 ಲಕ್ಷ. ತಂಗಿದವರು ಸಾವಿರ ತಲೆ. ತಲೆಗೆ ಐವತ್ತರಂತೆ ಪಂಚಾಯ್ತಿಗೆ 50 ಸಾವಿರ. 20 ಲಕ್ಷದ ವ್ಯವಹಾರದ ಮೇಲೆ ಶೇ ಎರಡೂವರೆ. ಅದೂ ಮಾಲೀಕರ ಜೇಬಿಂದಲ್ಲ, ಬಂದವರಿಂದ. ಒಂದು ಪಂಚಾಯ್ತಿಯಲ್ಲಿ ಇಂಥ ನಲವತ್ತು ಇದ್ದರೆ ವರ್ಷಕ್ಕೆ 20 ಲಕ್ಷ. ನಾಲ್ಕು ಪಂಚಾಯ್ತಿ ಸೇರಿದರೆ ಒಂದು ಸಕ್ಕಿಂಗ್ ಮಷಿನ್ ಇಟ್ಟುಕೊಂಡು ನಡೆಸಬಹುದು. ಕಸ ಎತ್ತೋ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳ ತಿಂಗಳಿಗೇ ಕೊಡಬಹುದು. ಕಾಲೋನಿಗೆ ಬೇರೆ ಟ್ಯಾಂಕ್ ಕಟ್ಟಬಹುದು.

ಈಗ ಮುಖ್ಯ ವಿಷಯ. ಇದು ಯಾಕೆ ದಲಿತ ಪ್ರಶ್ನೆ?

ಗ್ರಾಮ ಪಂಚಾಯ್ತಿಯ ಸ್ವಂತ ಆದಾಯದಲ್ಲಿ ಶೇ 25 ಪರಿಶಿಷ್ಟ ಜಾತಿ, ಪಂಗಡದವರಿಗೆ ಖರ್ಚು ಮಾಡಬೇಕು. ಎಲ್ಲರಿಗೂ ಗೊತ್ತಿರೋ "ಶೇ 25ರ ನಿಧಿ" ಇದು. ಸ್ವಂತ ಆದಾಯ ಅಂದರೆ ಪಂಚಾಯ್ತಿ ತಾನೇ ವಸೂಲಿ ಮಾಡಿದ್ದು. ಕಂದಾಯ ಕಮ್ಮಿ ಇದ್ದರೆ ಶೇ 25ಕ್ಕೂ ಅರ್ಥ ಇಲ್ಲ. ಸೊನ್ನೆಯಲ್ಲಿ ಕಾಲು ಭಾಗ ಅಂದರೆ ಸೊನ್ನೆಯೇ. ಹೋಂಸ್ಟೇ ದುಡ್ಡು ಜಿಎಸ್‌ಟಿ ದಾರಿಯಲ್ಲಿ ಮೇಲೆ ಹೋದರೆ ನಮ್ಮ ಕಾಲೋನಿಗೆ ಅದರಲ್ಲಿ ಹೆಸರಿಟ್ಟು ಕೇಳುವ ಪಾಲು ಇಲ್ಲ. ಮೇಲಿಂದ ಎಸ್‌ಸಿಎಸ್‌ಪಿ, ಟಿಎಸ್‌ಪಿ ಅಂತ ಬರುತ್ತಲ್ಲ ಅಂತೀರಾ? 2013ರ ಕಾಯ್ದೆಗಾಗಿ ಎಷ್ಟು ಹೋರಾಡಿದೆವು, 7ಡಿ ತೆಗೆಸೋಕೆ ಮತ್ತೆ ಹತ್ತು ವರ್ಷ ಹೋರಾಡಿದೆವು, ಆಮೇಲೆ ಅದೇ ದುಡ್ಡು ಗ್ಯಾರಂಟಿಗಳ ಲೆಕ್ಕಕ್ಕೆ ಹೇಗೆ ಹೋಯ್ತು ಅನ್ನೋದನ್ನ ಎಲ್ಲ ನೋಡಿದ್ದೇವೆ. ಅದೇ ದುಡ್ಡು ಪಂಚಾಯ್ತಿಯ ಸ್ವಂತ ಆದಾಯವಾಗಿ ಬಂದರೆ, ಮೇಲಿನ ಲೆಕ್ಕದಲ್ಲಿ 20 ಲಕ್ಷಕ್ಕೆ 5 ಲಕ್ಷ ನಮ್ಮದು. ಬೇಡಿ ಪಡೆಯೋದಲ್ಲ, ನಿಯಮದಲ್ಲಿರೋದು. "ಶುಲ್ಕ ಅಲ್ವಾ, ನಿಮ್ಮ ಕೇರಿಗೆ ಹೆಂಗೆ ಖರ್ಚು ಮಾಡೋದು?" ಅಂತ ಯಾರಾದರೂ ತಿರುಗಿ ಕೇಳಬಹುದು. ಕಾಲೋನಿಯಲ್ಲೂ ನೀರು ಬೇಕು, ಚರಂಡಿ ಬೇಕು, ಶೌಚಾಲಯ ಬೇಕು. ಆ ಸೇವೆಗೇ ಖರ್ಚು ಮಾಡಿ. ನಾವು ಬೇರೇನೂ ಕೇಳ್ತಿಲ್ಲ.

ಇಲ್ಲಿ ನಿಮ್ಮಲ್ಲಿ ಕೆಲವರು ನನ್ನನ್ನ ಹಿಡಿದು ನಿಲ್ಲಿಸ್ತೀರಿ ಅಂತ ಗೊತ್ತು. "ಅಣ್ಣ, ಪಂಚಾಯ್ತಿ ಯಾರ ಕೈಲಿದೆ? ಅವರಿಗೇ ಇನ್ನಷ್ಟು ದುಡ್ಡು ಕೊಡಿಸ್ತೀರಾ?" ಸರಿಯಾದ ಪ್ರಶ್ನೆ. ಈ ಪ್ರಶ್ನೆಗೆ ನನ್ನ ಹತ್ರ ಪೂರ್ತಿ ಸಮಾಧಾನದ ಉತ್ತರ ಇಲ್ಲ. ಬಾಬಾಸಾಹೇಬರೇ ಹಳ್ಳಿ ಪಂಚಾಯ್ತಿಯನ್ನ ನಂಬಿದವರಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯ ಬಗ್ಗೆ ಆಡಿದ ಮಾತು ನಮಗೆಲ್ಲ ಬಾಯಿಪಾಠ. ಜಾತಿ ಕಟ್ಟಿದ ಊರಿಗೆ ಅಧಿಕಾರ ಕೊಟ್ಟರೆ ಅದು ಜಾತಿಯ ಅಧಿಕಾರವೇ ಆಗುತ್ತೆ ಅಂತ ಅವರು ಕಂಡಿದ್ದರು. ನಾನೂ ಫೈಲಲ್ಲಿ ಕಂಡಿದ್ದೀನಿ. ಎಸ್‌ಸಿ ಕಾಲೋನಿ ಚರಂಡಿ ಅಂತ ಬಿಲ್ ಆಗಿರುತ್ತೆ, ಚರಂಡಿ ಇರೋದು ಮೇಲಿನ ಕೇರಿಯ ಯಜಮಾನರ ಮನೆ ಮುಂದೆ. ಫೋಟೋ ಕೂಡ ಇರುತ್ತೆ, ಹಿನ್ನೆಲೆಯಲ್ಲಿ ಅವರ ಕಾರು ಸಮೇತ.

ಆದರೆ ಅದೇ ಬಾಬಾಸಾಹೇಬರು ತೆರಿಗೆ ಬಗ್ಗೆ ಓದಿ ಡಾಕ್ಟರೇಟ್ ಮಾಡಿದವರು. ಕೊಲಂಬಿಯಾದಲ್ಲಿ ಅವರು ಬರೆದದ್ದು ಪ್ರಾಂತೀಯ ಹಣಕಾಸಿನ ಮೇಲೆ: ಮೇಲಿನ ಸರ್ಕಾರ ಎಷ್ಟು ವಸೂಲಿ ಮಾಡುತ್ತೆ, ಕೆಳಗಿನದಕ್ಕೆ ಎಷ್ಟು ಬಿಡುತ್ತೆ ಅನ್ನೋದರ ಮೇಲೆ. 1927ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಬಜೆಟ್ ಚರ್ಚೆಯಾದಾಗ ಅವರು ಎತ್ತಿದ ತಕರಾರು ಕೂಡ ಇದೇ ದಾರಿಯದ್ದು. ಆದಾಯ ತೆರಿಗೆಯಲ್ಲಿ ಕಡಿಮೆ ವರಮಾನದವನಿಗೆ ವಿನಾಯಿತಿ ಇದೆ, ತುಂಡು ಜಮೀನಿನ ರೈತನಿಗೆ ಮಾತ್ರ ಕಂದಾಯದಲ್ಲಿ ವಿನಾಯಿತಿ ಇಲ್ಲ, ಇದೆಂಥ ನ್ಯಾಯ ಅನ್ನೋದು. ತೆರಿಗೆ ಯಾರ ಮೇಲೆ ಬೀಳುತ್ತೆ, ಯಾರಿಗೆ ಹೋಗುತ್ತೆ ಅನ್ನೋದು ಅವರಿಗೆ ಜಾತಿಯ ಪ್ರಶ್ನೆಯಷ್ಟೇ ಮುಖ್ಯ. ನಾವು ಜಯಂತಿಗೆ ಹಾರ ಹಾಕುವಾಗ ಈ ಅಂಬೇಡ್ಕರ್‌ರನ್ನ ಮರೀತೀವಿ.

ಪಂಚಾಯ್ತಿ ನಂಬಿಕೆಗೆ ಅರ್ಹ ಅಲ್ಲ ಅಂತ ದುಡ್ಡನ್ನ ಮೇಲೆ ಬಿಟ್ಟರೆ, ಮೇಲಿನವರು ಅರ್ಹರಾ? ಪಂಚಾಯ್ತಿಯಲ್ಲಿ ಕನಿಷ್ಠ ನಮ್ಮ ಮೀಸಲು ಸದಸ್ಯರಿದ್ದಾರೆ, ಗ್ರಾಮಸಭೆ ಇದೆ, ವರ್ಷಕ್ಕೊಮ್ಮೆ ಜಮಾಬಂದಿ ಇದೆ, ನಡೆದು ಹೋಗುವ ದೂರದಲ್ಲಿ ಪಿಡಿಒ ಇದ್ದಾರೆ. ವಿಧಾನಸೌಧದ ಲೆಕ್ಕ ಕೇಳೋಕೆ ನಮ್ಮ ಅಕ್ಕ ಹೋಗೋಕಾಗಲ್ಲ. ಪಂಚಾಯ್ತಿ ಲೆಕ್ಕ ಕೇಳೋಕೆ ಹೋಗಬಹುದು. ಹೋದಾಗ ಕೂರಿಸಿ ಮಾತಾಡ್ತಾರಾ ಅನ್ನೋದು ಬೇರೆ. ಆ ಜಗಳ ನಾವು ಮಾಡಲೇಬೇಕಾದ್ದು.

ಅದಕ್ಕೇ ಬರೀ ಶುಲ್ಕ ಹಾಕಿ ಅಂತ ನಾನು ಕೇಳ್ತಿಲ್ಲ. ಕಟ್ಟುಪಾಡಿನ ಸಮೇತ ಕೇಳ್ತಿದ್ದೀನಿ:

1. ತಂಗುವ ಶುಲ್ಕಕ್ಕೆ ಬೇರೆಯೇ ಬ್ಯಾಂಕ್ ಖಾತೆ. ಪಂಚಾಯ್ತಿಯ ಬೇರೆ ದುಡ್ಡಿನ ಜೊತೆ ಬೆರೆಸಬಾರದು.

2. ಪ್ರತಿ ಹೋಂಸ್ಟೇ, ರೆಸಾರ್ಟ್ ಪಂಚಾಯ್ತಿಯಲ್ಲಿ ನೋಂದಣಿ. ಎಷ್ಟು ಜನ ತಂಗಿದರು ಅಂತ ತಿಂಗಳ ಲೆಕ್ಕ. ಗೆಸ್ಟ್‌ಗಳ ಆಧಾರ್ ಹೇಗೂ ತಗೋತಾರೆ, ರಿಜಿಸ್ಟರ್ ಹೇಗೂ ಇದೆ.

3. ಮೊದಲ ಖರ್ಚು ಕೈಯಿಂದ ದುಡಿಯುವವರಿಗೆ: ಕಸದ ಗಾಡಿಯವರ, ನೀರುಗಂಟಿಗಳ ಸಂಬಳ, ಗ್ಲೌಸು, ಬೂಟು, ವಿಮೆ. ಆಮೇಲೆ ಸಕ್ಕಿಂಗ್ ಮಷಿನ್. ಸ್ವಾಗತ ಕಮಾನು, ಸೆಲ್ಫಿ ಪಾಯಿಂಟ್ ಕೊನೆಗೆ. ಇಲ್ಲದಿದ್ದರೂ ನಡೆಯುತ್ತೆ.

4. ಶೇ 25ರ ಪಾಲನ್ನ ಎಲ್ಲಿ ಖರ್ಚು ಮಾಡಬೇಕು ಅಂತ ತೀರ್ಮಾನಿಸುವ ಸಭೆ ಕಾಲೋನಿಯಲ್ಲೇ ನಡೆಯಬೇಕು. ಪಂಚಾಯ್ತಿ ಕಟ್ಟಡದಲ್ಲಲ್ಲ.

5. ನಮ್ಮ ಹುಡುಗರು, ಬೇರೆ ಬಡವರು ಮನೆಯ ಒಂದು ರೂಮು, ಎರಡು ಟೆಂಟು ಇಟ್ಟುಕೊಂಡು ಜೀವನ ಮಾಡ್ತಿದ್ದರೆ ಅವರಿಗೆ ಮೊದಲ ಕೆಲವು ವರ್ಷ ವಿನಾಯಿತಿ. ಅವರನ್ನ ನೂರು ಎಕರೆ ಎಸ್ಟೇಟಿನ ರೆಸಾರ್ಟಿನ ಜೊತೆ ಒಂದೇ ತಕ್ಕಡಿಗೆ ಹಾಕಬಾರದು.

ಐದನೆಯದರ ಬಗ್ಗೆ ಒಂದು ಮಾತು. ನಮ್ಮವರ ಹೋಂಸ್ಟೇ ಎಷ್ಟಿವೆ? ನನ್ನ ಕಣ್ಣಿಗೆ ಬಿದ್ದದ್ದು ಬೆರಳೆಣಿಕೆ. ಯಾಕೆ ಅಂದರೆ ಹೋಂಸ್ಟೇಗೆ ಮೊದಲು ಬೇಕಾದ್ದು ಹೋಂ. ಲೈನ್ ಮನೆಯಲ್ಲಿ ಹುಟ್ಟಿ ಲೈನ್ ಮನೆಯಲ್ಲಿ ಸಾಯುವವರಿಗೆ ಸ್ವಂತ ಗೋಡೆ ಎಲ್ಲಿದೆ? ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡೋಕೆ 2022ರಲ್ಲಿ ಕಾನೂನು ತಿದ್ದಿದರು. ನಮ್ಮ ಜನ ಸ್ಮಶಾನಕ್ಕೆ ಅರ್ಧ ಎಕರೆ, ಮನೆಗೆ ಎರಡು ಗುಂಟೆ ಕೇಳಿದರೆ "ಡೀಮ್ಡ್ ಫಾರೆಸ್ಟ್" ಅಂತಾರೆ. ಭೂಮಿಯ ಪ್ರಶ್ನೆ ಐವತ್ತು ರೂಪಾಯಿ ಶುಲ್ಕದಿಂದ ಬಗೆಹರಿಯಲ್ಲ. ಆ ಹೋರಾಟ ಹಾಗೇ ಇದೆ, ಇರುತ್ತೆ. ಆದರೆ ಭೂಮಿ ಸಿಗೋವರೆಗೆ ಆ ಭೂಮಿಯ ಮೇಲೆ ನಡೆಯೋ ವ್ಯಾಪಾರದಲ್ಲಿ ಪಾಲು ಕೇಳಬಾರದು ಅಂತ ಎಲ್ಲೂ ಬರೆದಿಲ್ಲ.

ಅಕ್ಕ ಮುಂಚೆ ಒಂದು ಹೋಂಸ್ಟೇಯಲ್ಲಿ ಕೆಲಸಕ್ಕಿದ್ದಳು. ಬೋರ್ಡ್ ಮೇಲೆ "ಅಪ್ಪಟ ಮಲೆನಾಡಿನ ಮನೆ ಊಟ" ಅಂತಿತ್ತು. ಅಕ್ಕನ ಕೈರುಚಿ ನಮ್ಮ ಕಡೆ ಹೆಸರುವಾಸಿ. ಅಲ್ಲಿ ಎರಡು ವರ್ಷ ಅವಳು ಪಾತ್ರೆ ತೊಳೆದಳು, ಬೆಡ್‌ಶೀಟ್ ಒಗೆದಳು, ಟಾಯ್ಲೆಟ್ ಉಜ್ಜಿದಳು. ಅಡುಗೆ ಮನೆ ಒಲೆಯ ಹತ್ರ ಒಂದು ದಿನವೂ ನಿಲ್ಲಿಸಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಹಾಗಾಗಿ "ಟೂರಿಸಂನಿಂದ ಸ್ಥಳೀಯರಿಗೆ ಉದ್ಯೋಗ" ಅಂತ ಭಾಷಣ ಮಾಡುವವರಿಗೆ ನನ್ನದೊಂದು ಸಣ್ಣ ಪ್ರಶ್ನೆ. ಯಾವ ಸ್ಥಳೀಯರು, ಯಾವ ಉದ್ಯೋಗ?

ಹೋಂಸ್ಟೇ ಮಾಲೀಕರಲ್ಲಿ ಒಳ್ಳೆಯವರೂ ಇದ್ದಾರೆ. ಒಬ್ಬರ ಜೊತೆ ಈ ವಿಷಯ ಮಾತಾಡಿದೆ. "ನಾವು ಕೊಡೋದಕ್ಕೆ ತಯಾರು, ಆದ್ರೆ ಕೊಟ್ಟ ಮೇಲೆ ಕಸದ ಗಾಡಿ ದಿನಾ ಬರಬೇಕು" ಅಂದರು. ನ್ಯಾಯವಾದ ಮಾತು. ಕೊಟ್ಟ ದುಡ್ಡಿಗೆ ಕೆಲಸ ಕೇಳಲಿ. ಆ ಕೆಲಸ ಮಾಡುವವರಿಗೆ ಸಂಬಳ ನಾವು ಕೇಳ್ತೀವಿ. ಇಬ್ಬರದ್ದೂ ಒಂದೇ ಕಾಗದದಲ್ಲಿ ಬರೆಯಬಹುದು.

ಏನು ಮಾಡಬಹುದು? ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ, ಉತ್ತರ ಕನ್ನಡ ಕಡೆಯ ಸಂಗಾತಿಗಳಿಗೆ ನನ್ನ ವಿನಂತಿ. ನಿಮ್ಮ ಪಂಚಾಯ್ತಿಯಲ್ಲಿ ಮಾಹಿತಿ ಹಕ್ಕಿನಲ್ಲಿ ಮೂರು ವಿಷಯ ಕೇಳಿ. ಎಷ್ಟು ಹೋಂಸ್ಟೇ, ರೆಸಾರ್ಟ್ ಇವೆ, ಅವುಗಳಿಂದ ಕಳೆದ ವರ್ಷ ಬಂದ ಕಂದಾಯ ಎಷ್ಟು. ಕಳೆದ ಮೂರು ವರ್ಷ ಶೇ 25ರ ನಿಧಿ ಎಲ್ಲಿ, ಯಾವ ಕಾಮಗಾರಿಗೆ ಖರ್ಚಾಯ್ತು. ಕಸದ ಗಾಡಿಯವರಿಗೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ. ಹತ್ತು ರೂಪಾಯಿ ಅರ್ಜಿ. ಉತ್ತರ ಬಂದ ಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು, ತಂಗುವ ಶುಲ್ಕಕ್ಕಾಗಿ 199ನೇ ಪ್ರಕರಣ ತಿದ್ದಿ ಅಂತ ಸರ್ಕಾರಕ್ಕೆ ನಿರ್ಣಯ ಕಳಿಸಲು ಒತ್ತಾಯ ಮಾಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನ ಓದಿಸಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಹಾಕುವ ಅಭ್ಯಾಸ ಬಿಡಿ. ಓಟು ಕೇಳೋಕೆ ಬರುವವರಿಗೂ ಇದೇ ಪ್ರಶ್ನೆ ಇಡಿ.

ಅರ್ಜಿ ಬರೆಯೋಕೆ ಸಹಾಯ ಬೇಕಿದ್ದರೆ ಮೆಸೇಜ್ ಮಾಡಿ, ಭಾನುವಾರ ಬರೆದುಕೊಡ್ತೀನಿ. ಗುಮಾಸ್ತ ಆಗಿದ್ದಕ್ಕೆ ಅಷ್ಟಾದರೂ ಉಪಯೋಗ ಆಗಲಿ.

ಮೊನ್ನೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಅಕ್ಕ, ನೀನು ಕೇಳಿದ್ದಲ್ಲ, ಪಂಚಾಯ್ತಿಗೆ ಏನೂ ಬರಲ್ಲ. ತಲೆಗೆ ಐವತ್ತು ರೂಪಾಯಿ ಹಾಕಿ ಅಂತ ಬರೀತಿದ್ದೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಐವತ್ತಾ? ಇಬ್ರು ಬಂದ್ರೆ ನೂರು. ನೂರಕ್ಕೆ ಒಂದ್ ಜೊತೆ ದಪ್ಪ ಗ್ಲೌಸ್ ಬರುತ್ತೆ ಕಣಪ್ಪ. ಅದನ್ನ ಮೊದಲು ಬರಿ."

ಬರೆದಿದ್ದೀನಿ ಅಕ್ಕ.

ಜೈ ಭೀಮ್.